ಆನೆಯ ಪಾಲು

ಚಾಮರಾಜನಗರದ ಬಸ್ ನಿಲ್ದಾಣದ ಎದುರು ಕಬ್ಬಿನ ಹಾಲು ಮಾರುವ ಗಾಡಿಯೊಂದು ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದರ ಪಕ್ಕ ಹಿಂಡಿದ ಸಿಪ್ಪೆಯ ಗುಡ್ಡೆ ಬೆಳೆದಿರುತ್ತದೆ. ಬೆಳಗಿನ ಸಿಪ್ಪೆ ಬಿಸಿಲಿಗೆ ಕಾದು ಹುಳಿ ಹತ್ತಿ, ಅರ್ಧ ಸಿಹಿ ಅರ್ಧ ಹೆಂಡ ಎನ್ನುವಂಥ ವಾಸನೆ ಬಿಡುತ್ತದೆ. ಶಾಲೆ ಮುಗಿಸಿ ಬಸ್ಸಿಗೆ ಕಾಯುವ ನಾನು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ದೂರ ನಿಲ್ಲುತ್ತೇನೆ. ಜೊತೆಯ ಟೀಚರುಗಳು ಲೋಟ ಹಿಡಿದು, "ಕಬ್ಬಿನ ಮನೆಯವಳು ಕಬ್ಬಿನ ಹಾಲು ಬೇಡ ಅಂತಾಳಲ್ಲ, ಕಬ್ಬು ತಿನ್ನೋಕೂ ಕೂಲಿ ಕೊಡಬೇಕೇನೋ ಇವಳಿಗೆ" ಎಂದು ಛೇಡಿಸುತ್ತಾರೆ. ಆ ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಸಿಹಿಯಲ್ಲ, ಒಂದು ಬೆಳಿಗ್ಗೆ ಹೊಲದ ಬದುವಿನ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದ ನನ್ನ ದೊಡ್ಡವ್ವ. ಆ ಹೊಲ ಈಗ ನಮ್ಮದಲ್ಲ, ಆ ಮನೆ ಈಗ ಇಲ್ಲ. ಆದರೂ ಬಸ್ ನಿಲ್ದಾಣದ ಗಲಾಟೆಯ ನಡುವೆ ಒಂದು ಉಸಿರಿಗೆ ಎಲ್ಲವೂ ಎದುರು ಬಂದು ನಿಲ್ಲುತ್ತವೆ. ನಿಮಗೂ ಕಳೆದುಹೋದ ಮನೆಯೊಂದಿದ್ದರೆ ಇದು ಎಂಥ ಹಿಂಸೆ ಎನ್ನುವುದು ಗೊತ್ತಿರುತ್ತದೆ.

ಗಡಿಯಾಚೆ ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಮೇಲೆ, ದೊಡ್ಡಗಾಜನೂರಿನಿಂದ ತಿಗನಾರೆಯ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆಯಿತ್ತು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು, ಬಯ್ಯುವಾಗ ಎರಡೂ. ಹಂಚಿನ ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯ ಆಚೆ ಬಾವಿ, ಬಾವಿಯ ಆಚೆ ಕಬ್ಬು, ಕಬ್ಬಿನ ಆಚೆ ಕಾಡು. ಇಷ್ಟೇ ನನ್ನ ಬಾಲ್ಯದ ಭೂಗೋಳ. ಮನೆಯಲ್ಲಿ ಅಪ್ಪ, ಅವ್ವ, ಮದುವೆಯಾಗದ ಚಿಕ್ಕಪ್ಪ, ನಾನು, ಮತ್ತು ದೊಡ್ಡವ್ವ. ದೊಡ್ಡವ್ವ ಅಪ್ಪನ ಅಣ್ಣನ ಹೆಂಡತಿ. ನಾನು ಹುಟ್ಟುವ ಮೊದಲೇ ದೊಡ್ಡಪ್ಪ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಘಾಟಿಯ ಕೆಳಗೆ ಸತ್ಯಮಂಗಲದ ಬಯಲಲ್ಲಿದ್ದ ಅವಳ ತಮ್ಮ ಬಂದು ತವರಿಗೆ ಕರೆದನಂತೆ. ಗಂಡ ನೆಟ್ಟಿದ್ದ ಕಬ್ಬು ಆಗ ಮೊಣಕಾಲೆತ್ತರ ಇತ್ತಂತೆ. "ಇದುನ್ನ ಯಾರ್ ಕೈಗ್ ಕೊಟ್ಟು ಬರ್ಲಿ" ಎಂದು ತಮ್ಮನನ್ನು ವಾಪಸು ಕಳಿಸಿದಳಂತೆ. ಕಾಗದದಲ್ಲಿ ಆಸ್ತಿ ಎಲ್ಲ ಒಟ್ಟಿಗೇ ಇತ್ತು. ಆದರೆ ರಾಗಿ ಹೊಲ ಅಪ್ಪನದು, ಹಸುಗಳು ಅವ್ವನವು, ಕಬ್ಬು ದೊಡ್ಡವ್ವನದು ಎನ್ನುವುದು ಮನೆಯ ನಾಯಿಗೂ ಗೊತ್ತಿತ್ತು.

ಬಿತ್ತನೆಯ ಕಬ್ಬನ್ನು ತುಂಡು ಮಾಡುವವರು ಯಾರಾದರೂ ಆಗಬಹುದು, ಸಾಲಿನಲ್ಲಿ ಅದನ್ನು ಮಲಗಿಸುವವಳು ಅವಳೊಬ್ಬಳೇ. ಗಿಣ್ಣಿನಲ್ಲಿ ಮೊಳಕೆಯೊಡೆಯುವ ಕಣ್ಣುಗಳು ಅಕ್ಕಪಕ್ಕಕ್ಕೆ ಬರುವಂತೆ, ತೊಟ್ಟಿಲಲ್ಲಿ ಕೂಸನ್ನು ಸರಿಮಾಡಿ ಮಲಗಿಸುವ ಹಾಗೆ, ಒಂದೊಂದು ತುಂಡನ್ನೂ ತಿರುಗಿಸಿ ಇಡುತ್ತಿದ್ದಳು. ಕಣ್ಣು ನೆಲದ ಕಡೆಗಿದ್ದರೆ, "ಅದ್ಕ ಉಸಿರ್ ಕಟ್ತದ ಕಣಮ್ಮಿ" ಎಂದು ನನ್ನ ಕೈಯಿಂದಲೂ ತಿರುಗಿಸಿ ಹಾಕಿಸುತ್ತಿದ್ದಳು. ಒಣಗಿದ ತರಗು ಸುಲಿಯುವ ಕಾಲಕ್ಕೆ ದೊಡ್ಡಪ್ಪನ ತುಂಬುತೋಳಿನ ಅಂಗಿ ತೊಟ್ಟು ಕಬ್ಬಿನೊಳಗೆ ನುಗ್ಗಿದರೆ ಮುಗಿಯಿತು, ಅವಳು ಕಾಣುತ್ತಿರಲಿಲ್ಲ, ಪರಪರ ಎನ್ನುವ ಸದ್ದು ಮಾತ್ರ ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು. ಊಟಕ್ಕೆ ಕರೆಯಲು ನನ್ನನ್ನು ಕಳಿಸುತ್ತಿದ್ದರು. ಆ ಸದ್ದು ಹಿಡಿದುಕೊಂಡು ಒಳಗೆ ಹೋದರೆ ಹೊರಗಿನ ಬಿಸಿಲೆಲ್ಲ ಹಸಿರಾಗಿ, ನೆಲ ತಣ್ಣಗೆ ಒದ್ದೆಯಾಗಿ, ಎಲೆಯಂಚು ಕೆನ್ನೆಗೆ ಗೀರುತ್ತಿತ್ತು. ಅಲ್ಲೆಲ್ಲೋ ಅವಳು ಕಬ್ಬಿಗೆ ಬಯ್ಯುತ್ತಾ ನಿಂತಿರುತ್ತಿದ್ದಳು. ಮನುಷ್ಯರ ಜೊತೆ ಅವಳು ಅಷ್ಟು ಮಾತಾಡಿದವಳಲ್ಲ. ರಾತ್ರಿ ನಾನು ಮಲಗುತ್ತಿದ್ದುದು ಅವಳ ಮಗ್ಗುಲಲ್ಲೇ. ಹರಳೆಣ್ಣೆ, ಬೆವರು, ಕಬ್ಬಿನ ಎಲೆ ಮೂರೂ ಸೇರಿದ ಅವಳ ಸೆರಗಿನ ವಾಸನೆಯಿಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಹೆತ್ತವಳು ಅವ್ವ, ಸಾಕಿದವಳು ದೊಡ್ಡವ್ವ. ಇಬ್ಬರೂ ಅದಕ್ಕಾಗಿ ಜಗಳವಾಡಿದ್ದನ್ನು ನಾನು ಕಾಣೆ.

ನಾನು ತೀರ ಚಿಕ್ಕವಳಿದ್ದಾಗ ನಮ್ಮದೇ ಆಲೆಮನೆ ಇತ್ತು. ಕಬ್ಬು ಮಾಗಿತು ಎಂದು ದೊಡ್ಡವ್ವನಿಗೆ ಅನ್ನಿಸಿದ ದಿನ ಕಟಾವು, ಮಾರನೆಯ ದಿನದಿಂದ ಗಾಣ. ಕೊಪ್ಪರಿಗೆಯಲ್ಲಿ ಹಾಲು ಕುದಿದು ನೊರೆ ಉಕ್ಕುವಾಗ ಊರ ಮಕ್ಕಳೆಲ್ಲ ಬಾಳೆಲೆ ಚೂರು ಹಿಡಿದು ಬಿಸಿಬೆಲ್ಲಕ್ಕೆ ಸಾಲು ನಿಲ್ಲುತ್ತಿದ್ದೆವು. ಕಡೆಯ ಕೊಪ್ಪರಿಗೆ ಇಳಿದ ಮೇಲೆ ಒಂದು ಕೆಲಸ ಬಾಕಿ ಇರುತ್ತಿತ್ತು. ಎತ್ತಿಟ್ಟಿದ್ದ ಒಂದು ಹೊರೆ ಒಳ್ಳೆಯ ಕಬ್ಬನ್ನು ಹಸಿರು ಸೋಗೆ ಸಮೇತ ಕಾಡಿನ ಕಡೆಯ ಮೂಲೆಯಲ್ಲಿಟ್ಟು, ಮೇಲೊಂದು ಉಂಡೆ ಬೆಲ್ಲವಿಟ್ಟು, ಕೈಮುಗಿದು, ದೊಡ್ಡವ್ವ ಹಿಂತಿರುಗಿ ನೋಡದೆ ಬರುತ್ತಿದ್ದಳು. ಅದು ಆನೆಯ ಪಾಲು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಆನೆ ಎಂಬ ಮಾತನ್ನೇ ಆಡುತ್ತಿರಲಿಲ್ಲ, ದೊಡ್ಡಯ್ಯ ಎನ್ನುತ್ತಿದ್ದರು. ಎರಡು ದಿನ ಬಿಟ್ಟು ನೋಡಿದರೆ ಹೊರೆ ಇರುತ್ತಿರಲಿಲ್ಲ, ಒಂದು ಲದ್ದಿಯ ಗುಡ್ಡೆ ಇರುತ್ತಿತ್ತು. "ದೊಡ್ಡಯ್ಯ ಪಾಲ್ ತಕ್ಕಂಡ್ ಓಗವ್ನ" ಎಂದು ದೊಡ್ಡವ್ವನ ಮುಖ ಅರಳುತ್ತಿತ್ತು. ಹೊಲ ಬೋಳಾಗಿರುತ್ತಿದ್ದುದರಿಂದ ಅವನಿಗೂ ಅಲ್ಲಿ ನಿಲ್ಲಲು ಬೇರೆ ಕಾರಣವಿರುತ್ತಿರಲಿಲ್ಲ. ಮೊದಲು ಕಟಾವು, ಆಮೇಲೆ ಪಾಲು. ನಮ್ಮ ಕ್ಷೇಮವೆಲ್ಲ ಆ ಹಿಂದುಮುಂದಿನ ಕ್ರಮದಲ್ಲೇ ಇತ್ತು ಎನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮ ಕಡೆಯ ಕಬ್ಬೆಲ್ಲ ಘಾಟಿ ಇಳಿದು ಸಕ್ಕರೆ ಫ್ಯಾಕ್ಟರಿಗೆ ಹೋಗತೊಡಗಿತು. ಆಲೆಮನೆಗೆ ಆಳು ಸಿಗದಾಯಿತು. ಗಾಣ ಗುಜರಿಗೆ ಹೋಯಿತು, ಕೊಪ್ಪರಿಗೆ ಹಸುಗಳು ನೀರು ಕುಡಿಯುವ ತೊಟ್ಟಿಯಾಯಿತು. ಈಗ ಕಟಾವಿನ ದಿನವನ್ನು ದೊಡ್ಡವ್ವ ಹೇಳುವಂತಿರಲಿಲ್ಲ. ಫ್ಯಾಕ್ಟರಿಯವರು ಕಟಿಂಗ್ ಆರ್ಡರ್ ಕೊಟ್ಟು, ಬಯಲಿನಿಂದ ಆಳುಗಳನ್ನೂ ಲಾರಿಯನ್ನೂ ಕಳಿಸಿದ ದಿನವೇ ಕಟಾವು. ಹೊಲ ನಮ್ಮದು, ಕಬ್ಬು ನಮ್ಮದು, ಕುಡುಗೋಲು ಸಹ ನಮ್ಮ ಸೂರಿನಲ್ಲೇ ಸಿಕ್ಕಿಸಿತ್ತು, ಆದರೆ ಕಡಿಯಲು ಘಾಟಿಯ ಕೆಳಗಿನವರು ಹೂಂ ಅನ್ನಬೇಕು. ಮೊದಲ ಕೆಲವು ವರ್ಷ ಆ ಹೂಂ ಸಕಾಲಕ್ಕೆ ಬಂದಿತು. ಕಬ್ಬು ಲಾರಿ ಹತ್ತುವುದು, ದೊಡ್ಡವ್ವ ಪಾಲು ಇಡುವುದು, ಬೆಲ್ಲವನ್ನು ಅಂಗಡಿಯಿಂದ ತರುವುದು, ಹೀಗೆ ಹೇಗೋ ನಡೆದುಕೊಂಡು ಹೋಯಿತು.

ಚಿಕ್ಕಪ್ಪನಿಗೆ ಮಾತ್ರ ಕಬ್ಬಿನ ಮೇಲಿನ ನಂಬಿಕೆ ಹೋಗಿತ್ತು. ಸುತ್ತಮುತ್ತಲ ಹೊಲಗಳಿಗೆ ಚೆಂಡುಹೂವು ಬಂದಿತ್ತು. ಕಂಪನಿಯವರೇ ಬೀಜ ಕೊಟ್ಟು ಹೂವು ಕೊಳ್ಳುತ್ತಿದ್ದರು. ಒಂದು ಸಂಜೆ ದೊಡ್ಡವ್ವ ಮುದ್ದೆ ತಿರುವುತ್ತಿದ್ದಾಗ ಅವನು ಮತ್ತೆ ಅದೇ ರಾಗ ಎಳೆದ. "ಚೆಂಡೂವಾ ಆನೆ ಮೂಸೂ ನೋಡಲ್ಲ ಕಣತ್ಗ. ಬೇಗ ಕೈಗ್ ಬತ್ತದ. ಈ ಕಬ್ಬು ಬೆಳೆ ಅಲ್ಲ, ನಿಮ್ ಅಟ." ಅವನಿಗೆ ಚಡ್ಡಿ ಹಾಕಿ ಬೆಳೆಸಿದವಳೇ ಅವಳು, ಸಿಟ್ಟು ಬಂತು. ಮುದ್ದೆಯ ಕೋಲು ನಿಲ್ಲಿಸಿ ಎದ್ದು ನಿಂತಳು. "ಒಲೆ ಮುಂದ ನಿಂತ್ ಯೋಳ್ತಾ ಇವ್ನಿ, ಕೇಳ್ಲಾ. ಈ ಸಲದ್ ಕಬ್ಬು ಲಾರಿ ಅತ್ತಿ ಮಿಲ್ಲಿಗ್ ಓದ್ರ ನೀನ್ ಇನ್ಯಾವತ್ತೂ ಚೆಂಡೂವಿನ್ ಮಾತ್ ಎತ್ತಂಗಿಲ್ಲ. ಓಗ್ನಿಲ್ಲ ಅಂದ್ರ ಒಲ ನಿನ್ ಕೈಗ್ ಬುಟ್ಟು ನಾನ್ ನನ್ ತಮ್ಮನ್ ಮನೆಗ್ ಓಯ್ತೀನಿ." ಅವ್ವನ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ಒಲೆಯ ಮುಂದೆ ನಿಂತು ಆಡಿದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ತಾತ ಒಮ್ಮೆ ಯಾವುದೋ ಸಿಟ್ಟಿನಲ್ಲಿ ಒಲೆಯ ಮುಂದೆ, ಈ ಮನೆಯಲ್ಲಿ ಕಾಫಿ ಮುಟ್ಟುವುದಿಲ್ಲ ಎಂದುಬಿಟ್ಟು, ಸಾಯುವವರೆಗೂ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತು ಕಾಫಿ ಕುಡಿದರು. ಅದನ್ನು ಹೇಳಿಕೊಂಡು ನಗುತ್ತಿದ್ದವರು ನಾವು. ಆ ಸಂಜೆ ಯಾರೂ ನಗಲಿಲ್ಲ.

ಆ ವರ್ಷದಷ್ಟು ಒಳ್ಳೆಯ ಕಬ್ಬು ನಮ್ಮ ಹೊಲದಲ್ಲಿ ಹಿಂದೆಂದೂ ಬಂದಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ನನ್ನ ಮುಂಗೈ ದಪ್ಪದ ಜಲ್ಲೆ, ಮೈತುಂಬ ಬೂದಿ ಬಳಿದಂಥ ಬಿಳುಪು. ಸಂಕ್ರಾಂತಿ ಬಂತು, ಕಟಿಂಗ್ ಆರ್ಡರ್ ಬರಲಿಲ್ಲ. ಫ್ಯಾಕ್ಟರಿಯ ಕಡೆಯಿಂದ ಮೋಟರ್ ಬೈಕಿನಲ್ಲಿ ಬರುತ್ತಿದ್ದ ಸಣ್ಣ ವಯಸ್ಸಿನ ಅಧಿಕಾರಿಯೊಬ್ಬರು ಬದುವಿನ ಮೇಲೆ ನಿಂತು ಕಬ್ಬನ್ನು ಮೆಚ್ಚಿಕೊಂಡು, "ಅಡುತ್ತ ವಾರಂ, ಅಮ್ಮಾ, ಕಂಡಿಪ್ಪಾ" ಎನ್ನುತ್ತಿದ್ದರು. ಮುಂದಿನ ವಾರ, ಖಂಡಿತ. ಅವರ ಮುಂದಿನ ವಾರ ಶಿವರಾತ್ರಿ ದಾಟಿತು. ಅವರ ಕೈಯಲ್ಲೂ ಏನಿರಲಿಲ್ಲವೆಂದು ಕಾಣುತ್ತದೆ, ಆದರೆ ಆಗ ನಾನು ಅವರ ಬೈಕಿನ ಚಕ್ರ ಪಂಕ್ಚರ್ ಆಗಲಿ ಎಂದು ಮಾದಪ್ಪನಿಗೆ ಹರಕೆ ಹೊತ್ತಿದ್ದೆ. ಕಬ್ಬು ಹೂ ಬಿಟ್ಟಿತು. ಬೆಳ್ಳಗೆ ಗರಿ ಬಿಚ್ಚಿ ಹೊಲವೆಲ್ಲ ಗಾಳಿಗೆ ತೂಗುವಾಗ ನೋಡಲು ಬಲು ಚೆಂದ, ಆದರೆ ಹೂ ಬಿಟ್ಟ ಕಬ್ಬು ಒಳಗೆ ಬೆಂಡಾಗುತ್ತದೆ. ದೊಡ್ಡವ್ವ ದಿನವೂ ಒಂದು ಜಲ್ಲೆ ಮುರಿದು ಅಗಿದು ನೋಡಿ, ಉಗುಳಿ ಬರುತ್ತಿದ್ದಳು. ತಾಳಮಲೆಯ ಕಡೆ ಕಾಡು ಒಣಗಿ ಕೆಂಪಗಾಗಿತ್ತು. ಕೆರೆಕಟ್ಟೆಗಳು ಬತ್ತಿದ್ದವು. ತಿಗನಾರೆಯಲ್ಲಿ ಆನೆಗಳು ಬಾಳೆತೋಟಕ್ಕೆ ಇಳಿದ ಸುದ್ದಿ ಬಂತು.

ಆಗ ದೊಡ್ಡವ್ವ ಆ ಕೆಲಸ ಮಾಡಿದಳು. ಬೇರೆ ಯಾವ ಸೀಮೆಯವರೂ ಅಂಥ ತಪ್ಪು ಮಾಡಲಾರರು ಎನ್ನಿಸುತ್ತದೆ, ಏಕೆಂದರೆ ಅದು ಬುದ್ಧಿಯಿಂದ ಬಂದ ತಪ್ಪಲ್ಲ, ಭಕ್ತಿಯಿಂದ ಬಂದದ್ದು. ಪಾಲು ಸಿಗುವುದು ತಡವಾಯಿತೆಂದು ದೊಡ್ಡಯ್ಯ ಮುನಿದಿದ್ದಾನೆ, ಅವನದನ್ನು ಅವನಿಗೆ ಕೊಟ್ಟುಬಿಟ್ಟರೆ ಉಳಿದದ್ದನ್ನು ಮುಟ್ಟುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅತ್ತಿಗೆಯ ಮಾತಿಗೆ ಎಂದೂ ಎದುರಾಡದ ಅಪ್ಪ ಅಂದು ಮೆಲ್ಲಗೆ ಕೇಳಿದರು, "ಕಟಾವಾಗ್ದೆ ಪಾಲ್ ಇಡದು ಉಂಟಾ ಅತ್ಗ?"

"ಅವ್ನು ಕಾಯ್ಕಂಡವ್ನ. ಕಟಿಂಗ್ ಆರ್ಡರ್ ಬರ್ನಿಲ್ಲ ಅಂತ ಅವ್ನಿಗ್ ಯಾರ್ ಯೋಳರು? ಅವ್ನ್ ಅಸಿವು ಫ್ಯಾಕ್ಟ್ರಿ ಮಾತ್ ಕೇಳದಾ?" ಎಂದಳು ದೊಡ್ಡವ್ವ.

ಅವಳು ಹೊಲದಲ್ಲೇ ಅತ್ಯಂತ ರಸಭರಿತವಾದ ಕಬ್ಬು ಆರಿಸಿ ಕಡಿದಳು. ಬೆಲ್ಲದ ಉಂಡೆಯನ್ನು ನಾನೇ ಹಿಡಿದುಕೊಂಡು ಹಿಂದೆ ಹೋದೆ. ಕಾಡಿನ ಮೂಲೆಯಲ್ಲಿ ಹೊರೆ ಇಳಿಸಿ, ಮನುಷ್ಯನ ತಲೆಯ ಮೇಲೆ ಮತ್ತೊಬ್ಬ ನಿಂತಷ್ಟು ಎತ್ತರದ ಕಬ್ಬಿನ ಗೋಡೆಗೆ ಬೆನ್ನು ಕೊಟ್ಟು ನಿಂತು, "ನಿಂದು ನೀ ತಕ್ಕಾ ಕಣಪ್ಪ, ನಂದು ನಂಗ್ ಬುಡು" ಎಂದು ಕೈಮುಗಿದಳು. ನಾನೂ ಮುಗಿದೆ. ಹಿಂತಿರುಗಿ ನೋಡದೆ ಬಂದೆವು.

ಪಾಲು ಆ ರಾತ್ರಿಯೇ ಖಾಲಿಯಾಯಿತು. ಬೆಳಿಗ್ಗೆ ದೊಡ್ಡವ್ವ ಮುಗುಳ್ನಕ್ಕಳು. ಅದರ ಮಾರನೆ ಬೆಳಿಗ್ಗೆ ಆ ಮೂಲೆಯ ಕಬ್ಬು ಮಲಗಿತ್ತು. ಒಂಟಿ ಆನೆಯಲ್ಲ, ಮರಿಗಳಿದ್ದ ಹಿಂಡು. ತಿಂದದ್ದು ಸ್ವಲ್ಪ, ತುಳಿದದ್ದು ಬಹಳ. ಅಗಿದು ಉಗಿದ ಸಿಪ್ಪೆಯ ಉಂಡೆಗಳು ಸಾಲಿನುದ್ದಕ್ಕೂ ಬಿದ್ದಿದ್ದವು. ಬಿಸಿಲೇರಿದ ಹಾಗೆ ಅವು ಹುಳಿಯಾಗಿ, ನೊಣ ಮುತ್ತಿ, ಆ ವಾಸನೆ ಬಾವಿ ದಾಟಿ, ಕೊಟ್ಟಿಗೆ ದಾಟಿ ಅಡುಗೆಮನೆಗೆ ಬಂತು. ಊರವರು ಬಂದು ನೋಡಿದರು. "ಕರ್ದು ಎಲೆ ಆಕ್ಬುಟ್ಟು ಉಣ್ಬ್ಯಾಡ ಅಂದ್ರ ಆದದಾ?" ಎಂದು ಯಾರೋ ಅಂದದ್ದು ದೊಡ್ಡವ್ವನ ಕಿವಿಗೂ ಬಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಬದುವಿನ ಮೇಲೆ ಅವಳು ನಿಂತಿದ್ದು ಆಗ. ತನ್ನ ಕೈಯಾರೆ ದಾರಿ ತೋರಿಸಿಬಿಟ್ಟೆ ಎನ್ನುವುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಮಾಡದ ಪ್ರಯತ್ನವಿಲ್ಲ. ಫಾರೆಸ್ಟಿನವರು ಪಟಾಕಿ ಕೊಟ್ಟರು. ಅಪ್ಪ ಮೆಣಸಿನಕಾಯಿ ಹೊಗೆ ಹಾಕಿದರು. ಆಶ್ಚರ್ಯವೆಂದರೆ ಎಲ್ಲರಿಗಿಂತ ಹೆಚ್ಚು ಹೋರಾಡಿದವನು ಚಿಕ್ಕಪ್ಪ. ಕಬ್ಬು ಹೋದರೆ ಹೊಲ ಅವನ ಕೈಗೇ ಬರುತ್ತಿತ್ತು, ಆದರೂ ಹೊತ್ತು ಮುಳುಗುವ ಮೊದಲೇ ಎಣ್ಣೆ ಡಬ್ಬ, ಪಂಜು ತೆಗೆದುಕೊಂಡು ಹೋಗಿ, ಬೆಳಿಗ್ಗೆ ಗಂಟಲು ಕಟ್ಟಿ, ಕಣ್ಣು ಕೆಂಡವಾಗಿ ಬರುತ್ತಿದ್ದ. ಅವನ ದನಿಯೇ ಹೊರಡುತ್ತಿರಲಿಲ್ಲ, ಕೈಸನ್ನೆಯಲ್ಲಿ ಕಾಫಿ ಕೇಳುತ್ತಿದ್ದ. ಲೋಟ ಕೊಡುವಾಗ ದೊಡ್ಡವ್ವ ಅವನ ತಲೆ ಸವರುತ್ತಿದ್ದಳು. ಆದರೆ ಆನೆ ನಡೆದದ್ದೇ ದಾರಿ. ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆಯಿಂದ ಬರುತ್ತಿದ್ದವು. ಸಿಹಿ ನಾಲಗೆಗೆ ಹತ್ತಿದ ಮೇಲೆ ಅವುಗಳಿಗೂ ಬೇರೆ ದಾರಿ ಇರಲಿಲ್ಲ. ಅಪ್ಪ ಎರಡು ಸಲ ಘಾಟಿ ಇಳಿದು ಹೋಗಿ ಫ್ಯಾಕ್ಟರಿಯ ಗೇಟಿನ ಮುಂದೆ ಕುಳಿತು ಬಂದರು. ಇಷ್ಟಾದರೂ ಕಡಿದುಕೊಂಡು ಹೋಗಿ ಎಂದು ಕೈಮುಗಿದರಂತೆ. ಸರದಿ ಬರಬೇಕು ಎಂದರಂತೆ. ಪ್ರತಿ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಕಬ್ಬಿನ ಆಚೆಯ ಕಾಡು ಇನ್ನಷ್ಟು ಹತ್ತಿರ ಕಾಣುತ್ತಿತ್ತು. ಕೊನೆಗೆ ಬಾವಿಯ ಕಟ್ಟೆಯಿಂದ ನೇರವಾಗಿ ಕಾಡೇ ಕಂಡಿತು.

ಲಾರಿ ಬಂದದ್ದು ಅದಾದ ಮೇಲೆ. ಕಡಿಯುವ ಆಳುಗಳು, ಹೆಂಗಸರು, ಕಂಕುಳ ಕೂಸುಗಳು, ಪಾತ್ರೆ ಪಗಡೆ ಎಲ್ಲವನ್ನೂ ಹೊತ್ತು ಬಂದು ಬದುವಿನ ಪಕ್ಕ ನಿಂತಿತು. ಆಳುಗಳ ಮೇಸ್ತ್ರಿ ಇಳಿದು ಹೊಲ ನೋಡಿ, ತಲೆಗೆ ಸುತ್ತಿದ ಟವಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಎನ್ನಮ್ಮಾ ಇದು" ಎಂದಷ್ಟೇ ಅಂದ. ಅಲ್ಲಲ್ಲಿ ಉಳಿದ ಮುರುಕಲು ಜಲ್ಲೆಗಳನ್ನು ಮಿಲ್ಲು ತೆಗೆದುಕೊಳ್ಳುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ದೊಡ್ಡವ್ವ ಯಾರನ್ನೂ ಬಯ್ಯಲಿಲ್ಲ. ದೂರದಿಂದ ಬಂದವರು ಹಸಿದಿರುತ್ತಾರೆ ಎಂದು ಒಲೆ ಹಚ್ಚಿದಳು. ಅಷ್ಟೂ ಜನಕ್ಕೆ ಅನ್ನ ಬೇಯಿಸಿ, ಹುರುಳಿ ಸಾರು ಮಾಡಿ, ಕೂಸುಗಳಿಗೆ ಹಾಲು ಕೊಟ್ಟು, ಎಲ್ಲರ ತಟ್ಟೆಗೂ ತಾನೇ ಬಡಿಸಿದಳು. ಕಟಾವಿನ ದಿನ ಬಡಿಸಬೇಕಾದ ಊಟವನ್ನು ಕಟಾವಿಲ್ಲದೆ ಬಡಿಸಿದಳು. ನಂತರ ಕೈ ತೊಳೆದು, ಒಳಗೆ ಹೋಗಿ, ತಗಡಿನ ಪೆಟ್ಟಿಗೆ ಹಿಡಿದು ಬಂದು, ಖಾಲಿ ಲಾರಿಯ ಡ್ರೈವರಿಗೆ ತಮಿಳಿನಲ್ಲಿ ತನ್ನ ತಮ್ಮನ ಊರಿನ ಹೆಸರು ಹೇಳಿದಳು.

ಚಿಕ್ಕಪ್ಪ ಓಡಿಬಂದು ಲಾರಿಯ ಬಾಗಿಲು ಹಿಡಿದುಕೊಂಡ. ಕಟ್ಟಿದ ಗಂಟಲಲ್ಲೇ, "ನನ್ ಮಾತ್ನ ನಾನೇ ನುಂಗ್ಕತೀನಿ ಅತ್ಗ. ಒಲ ನಿಮ್ದೇ. ಬರೋ ವರ್ಸ ಮತ್ತ ಕಬ್ಬೇ ಆಕವ. ಇಳೀರಿ" ಎಂದು ಗೋಗರೆದ.

"ನೀ ಆಡಿದ್ ಮಾತಾಗಿದ್ರ ನುಂಗ್ಕಬೌದಿತ್ತು ಕಣ್ಲಾ. ನಾ ಆಡಿದ್ದು" ಎಂದಳು.

ಅಪ್ಪ ಜಗಲಿಯ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ನಾನು ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ನನ್ನ ಬೆರಳುಗಳನ್ನು ಬಿಡಿಸಿದವಳು ಅವ್ವ. ಅವಳೂ ಅಳುತ್ತಿದ್ದಳು, ಆದರೂ ಬಿಡಿಸಿದಳು. ಆನೆಗಳನ್ನು ತಡೆಯಲಾಗದ ಮನೆ ಒಂದು ಮಾತನ್ನೂ ತಡೆಯಲಾರದೆ ಹೋಯಿತು. ಆಗ ನನಗೆ ಆನೆಗಿಂತ, ಫ್ಯಾಕ್ಟರಿಗಿಂತ ಹೆಚ್ಚು ಸಿಟ್ಟು ಬಂದದ್ದು ನಮ್ಮ ಮನೆಯ ಒಲೆಯ ಮೇಲೆ. ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ.

ಅವಳು ಮತ್ತೆ ಘಾಟಿ ಹತ್ತಲಿಲ್ಲ. ತಮ್ಮನ ಮನೆಯ ಸುತ್ತ ಕಾಲುವೆ ನೀರಿನ ಕಬ್ಬು ಕಣ್ಣು ಹಾಯುವವರೆಗೂ ಇತ್ತು, ಎಲ್ಲ ಬೇರೆಯವರದು. ಅಲ್ಲೇ ತರಗು ಸುಲಿಯಲು ಕೂಲಿಗೆ ಹೋಗುತ್ತಿದ್ದಳು ಎಂದು ಕೇಳಿದೆವು. ನಾನು ಕಾಲೇಜಿಗೆ ಸೇರಿದ ವರ್ಷ ಅಲ್ಲೇ ತೀರಿಕೊಂಡಳು. ನಮ್ಮ ಮನೆಯೂ ಹೆಚ್ಚು ದಿನ ಉಳಿಯಲಿಲ್ಲ. ಅವಳು ಬಡಿಸದ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಒಟ್ಟಿಗೆ ಕೂರುತ್ತಿರಲಿಲ್ಲ. ಮೊದಲು ಒಲೆ ಬೇರೆಯಾಯಿತು, ಆಮೇಲೆ ಹೊಲ, ಆಮೇಲೆ ಊರು.

ಆದರೆ ನನ್ನನ್ನು ಇಂದಿಗೂ ಬಿಡದೆ ಕಾಡುವುದು ಆ ವರ್ಷದ ಮಳೆ. ಅವಳು ಹೋಗಿ ತಿಂಗಳಾಗಿರಲಿಲ್ಲ, ಬೇಸಿಗೆಯ ಮಳೆ ಬಿತ್ತು. ಒಂದು ವಾರಕ್ಕೆ ಹೊಲವೆಲ್ಲ ಹಸಿರು. ಆನೆ ಬುಡಸಮೇತ ಕಿತ್ತ ಕಡೆ ಬಿಟ್ಟು ಉಳಿದೆಲ್ಲ ಕಡೆ ಕಬ್ಬಿನ ಬುಡದ ಕೂಳೆಗಳು ಚಿಗುರಿ, ಸಾಲು ಸಾಲಾಗಿ, ಅವಳು ತಿರುಗಿಸಿಟ್ಟ ದಿಕ್ಕಿಗೇ ಎದ್ದು ನಿಂತಿದ್ದವು. ಚಿಕ್ಕಪ್ಪ ಒಂದು ಚಿಗುರು ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮೊದಲ ಬಸ್ಸಿಗೇ ಘಾಟಿ ಇಳಿದ. ಸಂಜೆ ಒಬ್ಬನೇ ಬಂದ. ಅವಳು ಚಿಗುರನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳಂತೆ. ಆಮೇಲೆ, "ಚಿಗರದು ಅದ್ರ ಗುಣ ಕಣ್ಲಾ. ಅದೇನ್ ಯಾರ್ಗಾರ ಮಾತ್ ಕೊಟ್ಟಿತ್ತಾ?" ಎಂದು ಅವನನ್ನು ಊಟಕ್ಕೆ ಎಬ್ಬಿಸಿದಳಂತೆ. ಅವಳಿಲ್ಲದೆ ಆ ಕಬ್ಬನ್ನು ಸಾಕುವವರು ಯಾರು? ಚೆಂಡುಹೂವಿನ ಸಸಿ ಬರುವ ಮೊದಲು ಹೊಲ ತೆರವಾಗಬೇಕಿತ್ತು. ಮಾರನೆ ದಿನದಿಂದ ಅಪ್ಪ, ಚಿಕ್ಕಪ್ಪ ಹಾರೆ ಹಿಡಿದು ಕೂಳೆ ಅಗೆದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಗೆದ ಕಡೆಯೂ ಉಳಿದ ಬೇರಿನಿಂದ ಎರಡು ದಿನಕ್ಕೆ ಮತ್ತೆ ಸುಳಿ ಇಣುಕುತ್ತಿತ್ತು, ಮತ್ತೆ ಅಗೆಯುತ್ತಿದ್ದರು. ಅವ್ವ ಕುಕ್ಕೆಗೆ ತುಂಬಿ ಕೊಟ್ಟದ್ದನ್ನು ನಾನು ಹೊತ್ತು ತಂದು ಕೊಟ್ಟಿಗೆಯಲ್ಲಿ ಸುರಿಯುತ್ತಿದ್ದೆ. ಎಳೆಯ ಸುಳಿ, ಸಿಹಿಯಿತ್ತು. ಹಸುಗಳು ಆಸೆಯಿಂದ ತಿಂದವು.